ಭ್ರೂಣ ಕಚ್ಚಿಕೊಳ್ಳದಿದ್ದರೆ ಶರೀರವನ್ನು ದೂರಬೇಕೇ?

ಪ್ರಶ್ನೆ: ನನಗೀಗ 32 ವರ್ಷ. ನಮ್ಮದು ಅಡಿಕೆ ಕೃಷಿಯ ಕುಟುಂಬ. ಎರಡು ಸಲ ಐವಿಎಫ್ ಮಾಡಿಸಿದರೂ ಭ್ರೂಣ ಗರ್ಭಕೋಶದಲ್ಲಿ ಕಚ್ಚಿಕೊಳ್ಳಲಿಲ್ಲ. ‘ನಿಮ್ಮ ರೋಗನಿರೋಧಕ ಶಕ್ತಿಯೇ ಭ್ರೂಣವನ್ನು ಕೊಲ್ಲುತ್ತಿದೆ, ಅದನ್ನು ತಗ್ಗಿಸುವ ಔಷಧ ಕೊಡೋಣ’ ಎಂದು ವೈದ್ಯರೊಬ್ಬರು ಹೇಳಿದ್ದಾರೆ. ಇದು ನಿಜವೇ?
– ಹೆಸರು ಬೇಡ, ಬದಿಯಡ್ಕ

ಉತ್ತರ: ನಿಮ್ಮ ಶರೀರವೇ ಭ್ರೂಣವನ್ನು ಕೊಲ್ಲುತ್ತಿದೆ ಎಂಬ ಮಾತನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅರ್ಧಾಂಶ ತಂದೆಯದಾಗಿರುವ ಭ್ರೂಣವನ್ನು ತಾಯಿಯ ಶರೀರ ಪರಕೀಯವೆಂದು ಏಕೆ ತಳ್ಳಿಹಾಕುವುದಿಲ್ಲ ಎಂಬ ಪ್ರಶ್ನೆಯನ್ನು ಪೀಟರ್ ಮೆಡವಾರ್ ಎಂಬ ವಿಜ್ಞಾನಿ 1953ರಲ್ಲಿ ಎತ್ತಿದ್ದರು. ಅಂದಿನಿಂದ ದೊರೆತ ತಿಳಿವಳಿಕೆಯೆಲ್ಲ ಹೇಳುವುದೇನೆಂದರೆ, ಗರ್ಭ ನಿಲ್ಲಲು ರೋಗನಿರೋಧಕ ಕೋಶಗಳ ನೆರವು ಬೇಕೇ ಬೇಕು.

ಮಳೆ ಹಿಡಿದ ಮೇಲೆ ಅಡಿಕೆ ಮರದ ಬುಡದಲ್ಲಿ ನೆಟ್ಟ ಒಳ್ಳೆಮೆಣಸಿನ ಬಳ್ಳಿಯನ್ನು ಬಾಳೆನಾರಿನಿಂದ ಮರಕ್ಕೆ ಕಟ್ಟುವುದನ್ನು ನೀವು ಬಲ್ಲಿರಿ. ಮರದ ಮೈಯಲ್ಲಿ ತೇವವಿದ್ದರೆ ಮಾತ್ರ ಗಂಟಿನ ಬೇರು ಹಿಡಿದುಕೊಳ್ಳುತ್ತದೆ. ಆದರೆ ಬಳ್ಳಿ ಮರದ ಒಳಕ್ಕೆ ಇಳಿಯುವುದಿಲ್ಲ, ಭ್ರೂಣ ಇಳಿಯುತ್ತದೆ. ಗರ್ಭಧಾರಣೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ. ಅಂಡ ಫಲಿತವಾದ 6ರಿಂದ 10 ದಿನಗಳೊಳಗೆ ಭ್ರೂಣದ ಹೊರಗಿನ ಕೋಶಗಳು ಗರ್ಭಕೋಶದ ಒಳಪದರವನ್ನು ಕರಗಿಸುತ್ತ ಒಳಸೇರುತ್ತವೆ. ಟ್ರೋಫೋಬ್ಲಾಸ್ಟ್ ಎಂದು ಕರೆಯುವ ಈ ಕೋಶಗಳೇ ಮುಂದೆ ಮಾಸು ಆಗಿ ಬೆಳೆಯುತ್ತವೆ. ಅವು ಎಷ್ಟು ಆಳಕ್ಕೆ ಇಳಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಬಹುಮಟ್ಟಿಗೆ ತಿಳಿಸುವುದು ಸೈಟೊಕೈನ್‌ಗಳೆಂಬ ಸಣ್ಣ ಪ್ರೋಟೀನುಗಳು. ರೋಗನಿರೋಧಕ ಕೋಶಗಳು, ಗರ್ಭಕೋಶದ ಗ್ರಂಥಿಗಳು ಮತ್ತು ಸ್ವತಃ ಭ್ರೂಣ ಇವನ್ನು ಸ್ರವಿಸುತ್ತವೆ.

ಇವುಗಳಲ್ಲಿ ಎಲ್‌ಐಎಫ್ ಎಂಬುದರ ಕಥೆ ಬಹಳ ಸ್ಪಷ್ಟವಾಗಿದೆ. ಅದನ್ನು ತಯಾರಿಸಲಾಗದ ಹೆಣ್ಣು ಇಲಿಗಳಲ್ಲಿ ಭ್ರೂಣ ಕಚ್ಚಿಕೊಳ್ಳುವುದಿಲ್ಲ, ಅವೇ ಭ್ರೂಣಗಳನ್ನು ಬೇರೆ ಇಲಿಯ ಗರ್ಭದಲ್ಲಿ ಇರಿಸಿದರೆ ಕಚ್ಚಿಕೊಳ್ಳುತ್ತವೆ ಎಂಬುದು 1992ರಲ್ಲಿಯೇ ತಿಳಿದುಬಂತು. ಇನ್ನೊಂದು ಸೈಟೊಕೈನ್ ಆದ ಇಂಟರ್‌ಲ್ಯೂಕಿನ್-1 ಟ್ರೋಫೋಬ್ಲಾಸ್ಟ್ ಕೋಶಗಳಲ್ಲಿ ಒಳಪದರವನ್ನು ಕರಗಿಸುವ ಕಿಣ್ವಗಳನ್ನು ಹೆಚ್ಚಿಸಿದರೆ, ಟಿಜಿಎಫ್-ಬೀಟಾ ಅವುಗಳಿಗೆ ಕಡಿವಾಣ ಹಾಕುತ್ತದೆ. ಟಿಎನ್‌ಎಫ್-ಆಲ್ಫಾ ಮಿತಿಮೀರಿದರೆ ಟ್ರೋಫೋಬ್ಲಾಸ್ಟ್ ಕೋಶಗಳು ಸಾಯಬಹುದು. ಆದರೂ ಮೊದಲ ದಿನಗಳಲ್ಲಿ ಹದವಾದ ಉರಿಯೂತ ಅಗತ್ಯವೇ.

ನಿಮ್ಮನ್ನು ಹೆದರಿಸಿರುವುದು ಬಹುಶಃ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಎಂಬ ರೋಗನಿರೋಧಕ ಕೋಶಗಳ ಹೆಸರು. ‘ಸಹಜ ಕೊಲೆಗಾರ’ ಎಂಬ ಅರ್ಥದ ಆ ಹೆಸರು ಗರ್ಭಕೋಶದ ಮಟ್ಟಿಗೆ ಅನ್ಯಾಯದ್ದು. ಗರ್ಭದ ಮೊದಲ ತಿಂಗಳುಗಳಲ್ಲಿ ಅಲ್ಲಿರುವ ಬಿಳಿರಕ್ತಕಣಗಳಲ್ಲಿ ಸುಮಾರು 70 ಶೇಕಡಾ ಇವೇ. ಟ್ರೋಫೋಬ್ಲಾಸ್ಟ್ ಕೋಶಗಳ ಮೇಲಿರುವ ಎಚ್‌ಎಲ್‌ಎ-ಜಿ ಮುಂತಾದ ಗುರುತುಗಳನ್ನು ಅರಿತು, ಇಂಟರ್‌ಲ್ಯೂಕಿನ್-8ರಂಥ ಸಂಕೇತಗಳಿಂದ ಅವುಗಳನ್ನು ಒಳಕ್ಕೆ ಕರೆಯುತ್ತವೆ, ಮಾಸಿಗೆ ರಕ್ತ ಒದಗಿಸುವ ಧಮನಿಗಳನ್ನು ಅಗಲಿಸಲು ನೆರವಾಗುತ್ತವೆ. ಈ ಕೆಲಸ ಅರೆಬರೆಯಾದಾಗ ಮುಂದೆ ರಕ್ತದೊತ್ತಡ ಏರುವ ಪ್ರೀಎಕ್ಲಾಂಪ್ಸಿಯಾ ಕಾಣಿಸಿಕೊಳ್ಳಬಹುದು.

ಕೈಯ ರಕ್ತದಲ್ಲಿ ಎಣಿಸುವ ಎನ್‌ಕೆ ಕೋಶಗಳು ಬೇರೆಯೇ ಬಗೆಯವು; ಆ ವರದಿಯಿಂದ ಗರ್ಭಕೋಶದ ಸ್ಥಿತಿಯನ್ನು ಊಹಿಸಲಾಗದು. ಎಲ್‌ಐಎಫ್ ಅನ್ನೇ ಚುಚ್ಚುಮದ್ದಾಗಿ ಕೊಟ್ಟು ನೋಡಿದ ಪ್ರಯೋಗದಲ್ಲಿಯೂ ಗರ್ಭ ನಿಲ್ಲುವ ಪ್ರಮಾಣ ಹೆಚ್ಚಲಿಲ್ಲ. ಆದ್ದರಿಂದ ಬರೀ ಆ ರಕ್ತಪರೀಕ್ಷೆಯ ವರದಿಯನ್ನು ನೆಚ್ಚಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಆರಂಭಿಸುವುದನ್ನು ನಾನು ಒಪ್ಪಲಾರೆ. ಅದರಿಂದ ಸೋಂಕು ಮತ್ತು ಸಕ್ಕರೆಯ ಅಂಶ ಹೆಚ್ಚುವ ಅಪಾಯವಿದೆ. ನೋಡಲು ಚೆನ್ನಾಗಿದ್ದ ಭ್ರೂಣದಲ್ಲಿಯೂ ವರ್ಣತಂತುಗಳ ಸಂಖ್ಯೆ ತಪ್ಪಿರಬಹುದು, ಭ್ರೂಣ ಕಚ್ಚಿಕೊಳ್ಳದಿರಲು ಅದು ಮುಖ್ಯ ಕಾರಣಗಳಲ್ಲೊಂದು. ಮುಂದಿನ ಭೇಟಿಯಲ್ಲಿ ಇದನ್ನು ಕೇಳಿ. ಥೈರಾಯ್ಡ್, ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ (ರಕ್ತ ಹೆಪ್ಪುಗಟ್ಟುವಂತೆ ಮಾಡಬಲ್ಲ ಪ್ರೋಟೀನು) ಮತ್ತು ಗರ್ಭಕೋಶದ ಒಳಭಾಗದ ಪರೀಕ್ಷೆಗಳು ಆಗಿವೆಯೇ ಎಂದು ವಿಚಾರಿಸಿ. ಸ್ಟೀರಾಯ್ಡ್ ಈಗಾಗಲೇ ಶುರುವಾಗಿದ್ದರೆ ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ.