ಕೊಡಗಿನ ಸರ್ಕಾರಿ ಕಟ್ಟಡಗಳ ವಿನ್ಯಾಸವನ್ನು ಕಡಿಮೆ ದರ ಹೇಳಿದವರಿಗೇ ಕೊಡಬೇಡಿ ಅಂತ ಆರ್ಕಿಟೆಕ್ಟ್‌ಗಳು ಯಾಕೆ ಕೇಳುತ್ತಾರೆ?

ಫೀಸು ತೀರಾ ಇಳಿದಾಗ ಮೊದಲು ಬಿಟ್ಟುಹೋಗುವುದು ಕಣ್ಣಿಗೆ ಕಾಣದ ಕೆಲಸ. ಮಣ್ಣಿನ ಪರೀಕ್ಷೆ, ಮಳೆನೀರು ಹರಿಯುವ ದಾರಿ, ಬರೆ, ಅಂದರೆ ಗುಡ್ಡದ ಮಗ್ಗುಲು, ಕಡಿದ ಕಡೆ ತಡೆಗೋಡೆಯ ಲೆಕ್ಕ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜಾರಿದ ಜಿಲ್ಲೆಯಲ್ಲಿ ಇವನ್ನು ಬಿಡೋಕಾಗುತ್ತಾ?

ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗುಣಮಟ್ಟಕ್ಕೂ ದರಕ್ಕೂ ಅಂಕ ಕೊಟ್ಟು ಸಲಹೆಗಾರರನ್ನು ಆರಿಸುವ ದಾರಿ ಇದೆ. ನಮ್ಮ ರಾಜ್ಯದ ಸರ್ಕಾರಿ ಖರೀದಿ ನಡೆಯುವುದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಡಿ. ಇಲ್ಲಿನ ವಿನ್ಯಾಸದ ಟೆಂಡರ್‌ಗಳಲ್ಲೂ ಅನುಭವಕ್ಕೆ, ಕೆಲಸದ ಗುಣಕ್ಕೆ ಜಾಸ್ತಿ ಅಂಕ ಇರಬೇಕು ಅನ್ನೋದು ನನ್ನ ಪ್ರಕಾರ ನ್ಯಾಯವಾದ ಬೇಡಿಕೆ.

ಗುತ್ತಿಗೆ ಕರಾರಿನ ವಿಷಯವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಪಾಯ ತೆಗೆಯುವುದೇ ಕಷ್ಟ. ಆ ತಿಂಗಳುಗಳನ್ನು ಬಿಟ್ಟೇ ಕೆಲಸದ ಅವಧಿ ಲೆಕ್ಕ ಹಾಕಬೇಕು.