ಕನ್ಫ್ಯೂಷಿಯಸ್ ಬಗ್ಗೆ ಕಿರುಚಿತ್ರ: ನಾನು ಕತ್ತರಿಸಿ ತೆಗೆದ ನಾಲ್ಕು ನಿಮಿಷ

ಪ್ರಾಚೀನ ಚೀನಾದ ಗುರು, ಚಿಂತಕ ಕನ್ಫ್ಯೂಷಿಯಸ್‌ನ ಬದುಕನ್ನು ಅರ್ಧ ಗಂಟೆಯ ಕಿರುಚಿತ್ರ ಮಾಡಬೇಕು, ಅವನ ಮೌಲ್ಯಗಳು ನೋಡುವವರಿಗೆ ಮುಟ್ಟಬೇಕು, ಹುಟ್ಟಿನಿಂದ ಸಾವಿನವರೆಗೂ ತೋರಿಸಲೋ ಕೆಲವು ಘಟನೆ ಸಾಕೋ ಅಂತ ಕೇಳಿದ್ದೀರಿ. ಎರಡು ಸಲ ಓದಿಕೊಂಡೆ. 2014ರಲ್ಲಿ ಹೆಚ್ಚುಕಡಿಮೆ ಇದೇ ಮಾತನ್ನು ನಾನು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿದ್ದೆ.

ಆಗ ನಾನು ಸಿಂಗಪುರದಲ್ಲಿದ್ದೆ. ಶಾಲೆಗಳಿಗೆ ವಿಡಿಯೋ ಮಾಡಿಕೊಡುವ ಸಣ್ಣ ಸ್ಟುಡಿಯೋ, ನಾಲ್ಕೇ ಜನ. ಬರೆಯುವುದೂ ನಾನೇ, ಎಡಿಟಿಂಗೂ ನಾನೇ. ಸ್ವಲ್ಪ ಪಾಲುಬಂಡವಾಳವನ್ನೂ ಹಾಕಿದ್ದೆ. ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಗೆ ಕನ್ಫ್ಯೂಷಿಯಸ್ ಬಗ್ಗೆ ಐವತ್ತು ನಿಮಿಷದ ಚಿತ್ರ ಬೇಕು ಅಂತ ಒಂದು ಸಂಸ್ಥೆ ಕೇಳಿತು. ಹಟ ಮಾಡಿ ಆ ಕೆಲಸವನ್ನು ನಾನು ತೆಗೆದುಕೊಂಡೆ. ನನಗೆ ಚೀನೀ ಭಾಷೆ ಬರುವುದಿಲ್ಲ. ಅವನ ಮಾತುಗಳನ್ನು ಶಿಷ್ಯಪರಂಪರೆ ಕೂಡಿಸಿಟ್ಟ ‘ಲುನ್‌ಯೂ’ವನ್ನು ಎರಡು ಇಂಗ್ಲಿಷ್ ಅನುವಾದಗಳಲ್ಲಿ ಅಕ್ಕಪಕ್ಕ ಇಟ್ಟುಕೊಂಡು ಓದಿದೆ. ನಿವೃತ್ತರಾದ ಒಬ್ಬ ಚೀನೀ ಭಾಷಾ ಶಿಕ್ಷಕಿ ಸಲಹೆಗಾರರಾಗಿ ಬಂದರು. ಎಪ್ಪತ್ತರ ಆಸುಪಾಸು. ನಾವೆಲ್ಲ ಅವರನ್ನು ‘ಲಾವೊಶಿ’ ಅಂತಿದ್ದೆವು, ಮೇಷ್ಟ್ರು ಅನ್ನುವ ಹಾಗೆ.

ಮೊದಲ ದಿನ ನಾನು ಗೋಡೆಗೆ ಏಳು ಚೀಟಿ ಅಂಟಿಸಿದ್ದೆ. ರೆನ್ ಅಂದರೆ ಮನುಷ್ಯತ್ವ. ಲೀ ಅಂದರೆ ಆಚಾರ, ನಡವಳಿಕೆಯ ಕಟ್ಟು. ಶ್ಯಾವ್ ಅಂದರೆ ಹೆತ್ತವರ ಮೇಲಿನ ಭಕ್ತಿ. ಹೀಗೆ ಏಳು. ಒಂದೊಂದಕ್ಕೂ ಒಂದೊಂದು ದೃಶ್ಯ. ನೀವೂ ಈಗ ಅದನ್ನೇ ಮಾಡುತ್ತಿದ್ದೀರಿ ಅಂತ ನಿಮ್ಮ ಪ್ರಶ್ನೆಯಿಂದ ಗೊತ್ತಾಗುತ್ತದೆ. ಲಾವೊಶಿ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ಆರು ಚೀಟಿ ಕಿತ್ತು ನನ್ನ ಕೈಗೆ ಕೊಟ್ಟರು. ‘ಲೀ’ ಒಂದನ್ನು ಬಿಟ್ಟರು. "ಇದನ್ನು ಸರಿಯಾಗಿ ತೋರಿಸು. ಮಿಕ್ಕಿದ್ದು ತಾನಾಗಿ ಬರುತ್ತದೆ" ಅಂದರು.

ಸ್ಕ್ರಿಪ್ಟ್ ಮತ್ತೆ ಬರೆದೆ. ಲೂ ರಾಜ್ಯದಲ್ಲಿ ಅವನು ನ್ಯಾಯಾಡಳಿತದ ಮಂತ್ರಿಯಾಗಿದ್ದದ್ದು. ಪಕ್ಕದ ಚೀ ರಾಜ್ಯ ಹೆದರಿಕೊಂಡು ಎಂಬತ್ತು ನರ್ತಕಿಯರನ್ನೂ ನೂರಿಪ್ಪತ್ತು ಕುದುರೆಗಳನ್ನೂ ಕಾಣಿಕೆ ಕಳಿಸಿದ್ದು, ಲೂ ರಾಜ್ಯದಲ್ಲಿ ಮೂರು ದಿನ ದರಬಾರೇ ನಡೆಯದೆ ಹೋದದ್ದು, ಇವನು ಮನಸ್ಸು ಮುರಿದು ಹೊರಟದ್ದು. ಹದಿನಾಲ್ಕು ವರ್ಷದ ಅಲೆದಾಟ. ಚೆನ್ ಮತ್ತು ಸಾಯ್ ರಾಜ್ಯಗಳ ನಡುವೆ ಅನ್ನ ಮುಗಿದು ಶಿಷ್ಯರು ಏಳಲಾರದೆ ಮಲಗಿದ್ದು. ಕ್ರಿ.ಪೂ. 484ರಲ್ಲಿ ಊರಿಗೆ ವಾಪಸಾದದ್ದು. ಕೊನೆಗೆ ಅಚ್ಚುಮೆಚ್ಚಿನ ಶಿಷ್ಯ ಯಾನ್ ಹ್ವೇಯ ಸಾವು. ನಡುವೆ ಒಂದು ಕಡೆ ಲಾವೊಶಿ ಒತ್ತಾಯ ಮಾಡಿ ಸೇರಿಸಿದ ಒಂದು ಪುಟ್ಟ ದೃಶ್ಯ.

ಆ ದೃಶ್ಯದಲ್ಲಿ ಇರುವುದು ಇಷ್ಟೇ. ಜಾಯ್ ಯೂ ಅಂತ ಒಬ್ಬ ಚುರುಕು ನಾಲಿಗೆಯ ಶಿಷ್ಯ. ಹೆತ್ತವರು ಸತ್ತರೆ ಮೂರು ವರ್ಷ ದುಃಖ ಆಚರಿಸಬೇಕು ಅನ್ನುವುದು ಅಲ್ಲಿನ ಪದ್ಧತಿ. ಅವನು ವಾದ ಹೂಡುತ್ತಾನೆ. "ಗುರುಗಳೇ, ಒಂದು ವರ್ಷವೇ ಜಾಸ್ತಿ ಆಯಿತಲ್ಲವೇ? ಮೂರು ವರ್ಷ ಆಚಾರ ಬಿಟ್ಟರೆ ಆಚಾರ ಕೆಡುತ್ತದೆ. ಮೂರು ವರ್ಷ ಸಂಗೀತ ಬಿಟ್ಟರೆ ಸಂಗೀತ ಹಾಳಾಗುತ್ತದೆ. ಹಳೇ ಧಾನ್ಯ ಮುಗಿದು ಹೊಸ ಬೆಳೆ ಬರುತ್ತದೆ. ವರ್ಷ ಸಾಕು." ಒಳ್ಳೆಯ ವಾದ. ಗುರು ಅದಕ್ಕೆ ಉತ್ತರವನ್ನೇ ಕೊಡುವುದಿಲ್ಲ. ಒಂದು ಪ್ರಶ್ನೆ ಕೇಳುತ್ತಾನೆ. "ಆಮೇಲೆ ಅಕ್ಕಿ ಅನ್ನ ಉಂಡು, ರೇಷ್ಮೆ ಉಟ್ಟುಕೊಂಡರೆ ನಿನಗೆ ನೆಮ್ಮದಿಯಾಗುತ್ತದೆಯೇ?" ಜಾಯ್ ಯೂ ಹೇಳುತ್ತಾನೆ, "ಆಗುತ್ತದೆ." ಗುರು, "ನೆಮ್ಮದಿಯಾದರೆ ಹಾಗೇ ಮಾಡು" ಅಂದುಬಿಡುತ್ತಾನೆ. ದುಃಖದಲ್ಲಿರುವವನಿಗೆ ಒಳ್ಳೆಯ ಊಟ ರುಚಿಸುವುದಿಲ್ಲ, ಹಾಡು ಕೇಳಿದರೆ ಖುಷಿಯಾಗುವುದಿಲ್ಲ, ಅದಕ್ಕೇ ಅವನು ಅದನ್ನೆಲ್ಲ ಬಿಟ್ಟಿರುತ್ತಾನೆ ಅನ್ನುತ್ತಾನೆ. ಶಿಷ್ಯ ಎದ್ದು ಹೋಗುತ್ತಾನೆ. ಅವನು ಹೋದಮೇಲೆ ಗುರು ಉಳಿದವರಿಗೆ ಹೇಳುತ್ತಾನೆ: ಇವನಲ್ಲಿ ರೆನ್ ಇಲ್ಲ. ಮಗು ಹುಟ್ಟಿ ಮೂರು ವರ್ಷ ಆಗುವ ತನಕ ತಂದೆತಾಯಿಯ ತೋಳು ಬಿಟ್ಟು ಇಳಿಯುವುದಿಲ್ಲ. ಇವನಿಗೆ ಆ ಮೂರು ವರ್ಷದ ಪ್ರೀತಿ ಸಿಕ್ಕಿರಲಿಲ್ಲವೇ?

ಕನ್ಫ್ಯೂಷಿಯಸ್ ಮೂರು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಹೋದ ಅಂತ ಅಲ್ಲಿನ ಸಂಪ್ರದಾಯ ಹೇಳುತ್ತದೆ. ಇದನ್ನು ನೆನಪಿಟ್ಟುಕೊಂಡು ಆ ಕೊನೆಯ ಮಾತನ್ನು ಇನ್ನೊಂದು ಸಲ ಓದಿ.

ಚಿತ್ರೀಕರಣಕ್ಕೆ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದೆವು. ಆ ಕಾಲದಲ್ಲಿ ಚೀನಾದಲ್ಲಿ ಕುರ್ಚಿ ಇರಲಿಲ್ಲ, ಚಾಪೆಯ ಮೇಲೆ ಮಂಡಿಯೂರಿ ಹಿಮ್ಮಡಿ ಮೇಲೆ ಕೂರಬೇಕು. ಕಾಗದವೂ ಇರಲಿಲ್ಲ, ಬಿದಿರಿನ ಪಟ್ಟಿಗಳೇ ಪುಸ್ತಕ. ಹತ್ತು ನಿಮಿಷಕ್ಕೆ ನಟರ ಕಾಲು ಜೋಮು ಹಿಡಿಯುತ್ತಿತ್ತು. ಜಾಯ್ ಯೂ ಪಾತ್ರದ ಹುಡುಗ ‘ಆಗುತ್ತದೆ’ ಅನ್ನುವ ಮೊದಲು ಒಂದು ಕ್ಷಣ ತಡೆದ. ನಾನು ಹೇಳಿಕೊಟ್ಟದ್ದಲ್ಲ, ತಾನಾಗಿ ಬಂತು. ಮಾನಿಟರ್ ಹತ್ತಿರ ಕೂತಿದ್ದ ಲಾವೊಶಿ ಕನ್ನಡಕ ತೆಗೆದು ಒರೆಸಿಕೊಂಡರು. ದೃಶ್ಯದ ಉದ್ದ ನಾಲ್ಕು ನಿಮಿಷ ಹತ್ತು ಸೆಕೆಂಡ್.

ಆ ದೃಶ್ಯವನ್ನು ನಾನು ತೆಗೆದು ಹಾಕಿದೆ.

ಯಾಕೆ ತೆಗೆದೆ ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮಗೂ ಇದೇ ಕಾರಣಗಳು ಸರಿ ಅನ್ನಿಸುತ್ತವೆ. ಎಡಿಟ್ ಆದಮೇಲೆ ಚಿತ್ರ ಐವತ್ತೆಂಟು ನಿಮಿಷ ಬಂತು. ಎಂಟು ನಿಮಿಷ ಕಡಿಮೆ ಮಾಡಬೇಕು. ನರ್ತಕಿಯರ ದೃಶ್ಯ ಆರು ನಿಮಿಷ ಇತ್ತು. ಎಂಬತ್ತು ಜನರನ್ನು ತರುವ ಶಕ್ತಿ ನಮಗಿರಲಿಲ್ಲ, ಹನ್ನೆರಡು ಹುಡುಗಿಯರನ್ನು ಕರೆಸಿದ್ದೆವು. ಬಟ್ಟೆ, ಡ್ರಮ್, ಲೈಟು ಅಂತ ಜಾಸ್ತಿ ದುಡ್ಡು ಅಲ್ಲೇ ಹೋಗಿತ್ತು. ಖರ್ಚು ಮಾಡಿದ್ದನ್ನು ಎಸೆಯಲು ಕೈ ಬರಲಿಲ್ಲ. ಚಾಪೆ ಮೇಲೆ ಕೂತು ಮಾತಾಡುವ ದೃಶ್ಯಕ್ಕೆ ಏನೂ ಖರ್ಚಾಗಿರಲಿಲ್ಲ. ಇದು ಮೊದಲನೇ ಕಾರಣ. ಎರಡನೆಯದು, ಇಬ್ಬರು ಕೂತು ಮಾತಾಡಿದರೆ ಮಕ್ಕಳು ಬೇಸರಪಡುತ್ತಾರೆ ಅಂದುಕೊಂಡೆ. ಮೂರನೆಯದೇ ನಿಜವಾದ ಕಾರಣ. ಮೂರು ವರ್ಷದ ಸೂತಕ ಅಂದರೆ ಈಗಿನವರಿಗೆ ಕಂದಾಚಾರದ ಹಾಗೆ ಕಾಣುತ್ತದೆ, ನನ್ನ ನಾಯಕ ಹಳೇ ಕಾಲದ ಮುದುಕನ ಹಾಗೆ ಕಾಣುತ್ತಾನೆ ಅಂತ ಹೆದರಿದೆ. ಅವನನ್ನು ಎಲ್ಲರಿಗೂ ಒಪ್ಪುವವನನ್ನಾಗಿ ಮಾಡಬೇಕಿತ್ತು ನನಗೆ. ನಾನು ಕತ್ತರಿಸಿದ್ದು ಅವನನ್ನೇ ಅನ್ನುವುದು ಆಗ ಹೊಳೆಯಲಿಲ್ಲ.

ಲಾವೊಶಿಗೆ ಫೋನ್ ಮಾಡಿದೆ. "ಅದನ್ನು ತೆಗೆದರೆ ಕೊನೆ ನಿಲ್ಲುವುದಿಲ್ಲ" ಅಂದರು. ಹಿನ್ನೆಲೆ ಧ್ವನಿಯಲ್ಲಿ ಎರಡು ಸಾಲು ಹೇಳಿಸುತ್ತೇನೆ ಅಂದೆ. ಅವರು ಮಾತಾಡಲಿಲ್ಲ.

ಕೊನೆಯ ದೃಶ್ಯ ಯಾನ್ ಹ್ವೇಯ ಸಾವು. ಗುರು ಮೈಮೇಲೆ ಎಚ್ಚರವಿಲ್ಲದೆ ಅಳುತ್ತಾನೆ. "ದೇವರು ನನ್ನನ್ನು ಮುಗಿಸಿಬಿಟ್ಟ" ಅನ್ನುತ್ತಾನೆ. ಶಿಷ್ಯರು "ಗುರುಗಳೇ, ಮಿತಿ ಮೀರಿ ಅಳುತ್ತಿದ್ದೀರಿ" ಅಂದರೆ, "ಹೌದೇ? ಇವನಿಗಾಗಿ ಅಳದೆ ಇನ್ಯಾರಿಗಾಗಿ ಅಳಲಿ?" ಅನ್ನುತ್ತಾನೆ. ಯಾನ್ ಹ್ವೇಯ ತಂದೆ ಬಡವ. ಶವಪೆಟ್ಟಿಗೆಗೆ ಒಂದು ಹೊರಪೆಟ್ಟಿಗೆ ಮಾಡಿಸಬೇಕು, ನಿಮ್ಮ ಬಂಡಿ ಕೊಡುತ್ತೀರಾ ಅಂತ ಬಂದು ಕೇಳುತ್ತಾನೆ. ಗುರು ಕೊಡುವುದಿಲ್ಲ. "ನನ್ನ ಸ್ವಂತ ಮಗ ಸತ್ತಾಗಲೂ ಒಳಪೆಟ್ಟಿಗೆ ಇತ್ತು, ಹೊರಪೆಟ್ಟಿಗೆ ಇರಲಿಲ್ಲ. ರಾಜ್ಯದ ಅಧಿಕಾರಿಗಳ ಜೊತೆ ಓಡಾಡಿದವನು ನಾನು, ಬಂಡಿ ಬಿಟ್ಟು ನಡೆಯುವ ಹಾಗಿಲ್ಲ" ಅನ್ನುತ್ತಾನೆ. ಆಮೇಲೆ ಬೇರೆ ಶಿಷ್ಯರು ಅವನ ಮಾತು ಮೀರಿ ದೊಡ್ಡದಾಗಿ ಮಣ್ಣು ಮಾಡುತ್ತಾರೆ. "ಹ್ವೇ ನನ್ನನ್ನು ತಂದೆಯ ಹಾಗೆ ನೋಡಿದ, ನಾನು ಅವನನ್ನು ಮಗನ ಹಾಗೆ ನೋಡಿಕೊಳ್ಳಲು ಆಗಲಿಲ್ಲ" ಅಂತ ಗುರು ಕೊರಗುತ್ತಾನೆ.

ಮೊದಲ ಪ್ರದರ್ಶನಕ್ಕೆ ಸುಮಾರು ನಲವತ್ತು ಮಕ್ಕಳನ್ನು ಕೂರಿಸಿದ್ದೆವು. ಮುಗಿದಮೇಲೆ ಒಬ್ಬ ಹುಡುಗ ಕೈ ಎತ್ತಿದ. "ಅಷ್ಟೊಂದು ಅಳುತ್ತಾನೆ, ಮತ್ತೆ ಬಂಡಿ ಯಾಕೆ ಕೊಡಲಿಲ್ಲ? ಜಿಪುಣನಾ?"

ಹುಡುಗನ ತಪ್ಪೇನೂ ಇರಲಿಲ್ಲ. ಎಷ್ಟು ಅಳಬೇಕು, ಯಾರಿಗೆ ಎಷ್ಟು ಮಾಡಬೇಕು ಅನ್ನುವುದಕ್ಕೆ ಆ ಜನರಲ್ಲಿ ಒಂದು ಕಟ್ಟು ಇತ್ತು. ಆ ಕಟ್ಟು ಒಳಗಿನ ಪ್ರೀತಿಯಿಂದಲೇ ಹುಟ್ಟಿದ್ದು, ಅದಕ್ಕೇ ಗುರು ಅದನ್ನು ಅಷ್ಟು ಗಟ್ಟಿಯಾಗಿ ಹಿಡಿದಿದ್ದ. ಇದನ್ನು ಹೇಳುತ್ತಿದ್ದದ್ದು ಜಾಯ್ ಯೂ ದೃಶ್ಯ ಒಂದೇ. ಅದು ಇದ್ದಿದ್ದರೆ, ‘ಮಿತಿ ಮೀರಿ ಅಳುತ್ತಿದ್ದೀರಿ’ ಅಂದಾಗ ಮಕ್ಕಳ ಎದೆ ಧಸಕ್ಕೆನ್ನುತ್ತಿತ್ತು. ಮಿತಿಯನ್ನು ಹೇಳಿಕೊಟ್ಟವನೇ ಮಿತಿ ಮೀರುತ್ತಿದ್ದಾನೆ! ಬಂಡಿ ಕೊಡದೆ ಇದ್ದಾಗ ಅವನ ಎರಡೂ ಕಡೆ ಕಾಣುತ್ತಿತ್ತು, ಕಣ್ಣು ಒಂದು ಹೇಳುತ್ತದೆ, ಕೈ ಇನ್ನೊಂದು ಹೇಳುತ್ತದೆ. ಅದಿಲ್ಲದೆ ಉಳಿದದ್ದು ಅಳುವ ಒಬ್ಬ ಮುದುಕ ಮತ್ತು ಅವನ ಬಂಡಿ ಮಾತ್ರ. ನಾನು ಸೇರಿಸಿದ್ದ ಹಿನ್ನೆಲೆ ಧ್ವನಿ "ಕನ್ಫ್ಯೂಷಿಯಸ್ ಆಚಾರಗಳಿಗೆ ಬಹಳ ಬೆಲೆ ಕೊಡುತ್ತಿದ್ದ" ಅನ್ನುತ್ತಿತ್ತು. ಆ ಸಾಲು ಹುಡುಗನ ಅನುಮಾನಕ್ಕೆ ಸಾಕ್ಷಿ ಹೇಳಿದಂತಾಯಿತು.

ಸಂಸ್ಥೆ ಚಿತ್ರ ತೆಗೆದುಕೊಳ್ಳಲಿಲ್ಲ, ಕೊನೆಯ ಕಂತೂ ಬರಲಿಲ್ಲ. ನನ್ನ ಪಾಲಿನ ಇಪ್ಪತ್ತೆರಡು ಸಾವಿರ ಡಾಲರ್ ಹೋಯಿತು. ಅದಕ್ಕಿಂತ ಹೆಚ್ಚು ನೋವಾದದ್ದು ಲಾವೊಶಿ ತಮ್ಮ ಹೆಸರು ತೆಗೆಯಿರಿ ಅಂತ ಬರೆದ ಎರಡು ಸಾಲಿನ ಕಾಗದದಿಂದ. ಮಾರನೇ ವರ್ಷ ಸ್ಟುಡಿಯೋ ಮುಚ್ಚಿತು.

2016ರ ಜನವರಿಯಲ್ಲಿ ದಾವಣಗೆರೆಯಲ್ಲಿ ಅಪ್ಪ ತೀರಿಕೊಂಡರು. ಕಾರ್ಯ ಎಲ್ಲ ಮುಗಿಸಿ ವಾಪಸ್ ಹೋದೆ. ಮನೆಯಲ್ಲಿ ಸಾವಾದರೆ ವರ್ಷ ಹಬ್ಬ ಮಾಡಬಾರದು ಅಂತ ನಮ್ಮಲ್ಲಿದೆ ಅಲ್ವಾ, ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಏಪ್ರಿಲ್‌ನಲ್ಲಿ ಅಲ್ಲಿನ ಗೆಳೆಯರು ಯುಗಾದಿ ಊಟಕ್ಕೆ ಕರೆದರು, ಹೋದೆ. ಹೊಸ ಅಂಗಿ ಹಾಕಿದ್ದೆ. ಹೋಳಿಗೆ ಉಂಡೆ. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಸುಮ್ನೆ ಹೇಳಿದೆ. ಅಮ್ಮ ಬೈಯಲಿಲ್ಲ. "ಹೋಳಿಗೆ ರುಚಿಯಾಗಿತ್ತೇನಪ್ಪಾ?" ಅಂತ ಕೇಳಿದಳು. ನನಗೆ ಉತ್ತರ ಹೊರಡಲಿಲ್ಲ. ನಾನು ಕತ್ತರಿಸಿ ತೆಗೆದ ದೃಶ್ಯ ಆ ಫೋನಿನಲ್ಲಿ ಕೇಳಿಸಿತು.

ಈಗ ನಿಮ್ಮ ಪ್ರಶ್ನೆ. ಮೌಲ್ಯಗಳನ್ನು ಮುಟ್ಟಿಸಬೇಕು ಅನ್ನುವುದನ್ನು ದಯವಿಟ್ಟು ಬಿಟ್ಟುಬಿಡಿ. ಹಾಗೆ ಹೊರಟರೆ ನೀವು ಭಾಷಣ ಬರೆಯುತ್ತೀರಿ. ಒಂದು ಕಟ್ಟುಪಾಡನ್ನು ಮೊದಲು ತೋರಿಸಿ. ಆಮೇಲೆ ಅದನ್ನು ನಂಬಿದವನಿಗೇ ಅದು ಭಾರವಾಗುವ ಒಂದು ದಿನ ತೋರಿಸಿ. ಹುಟ್ಟಿನಿಂದ ಸಾವಿನವರೆಗೆ ಬೇಡ. ಅವನ ಬದುಕಿನ ಬಗ್ಗೆ ನಮಗೆ ತಿಳಿದಿರುವ ಕಥೆಯ ಬಹುಪಾಲು ಇತಿಹಾಸಕಾರ ಸಿಮಾ ಚಿಯಾನ್ ಬರೆದದ್ದು, ಅದೂ ಕನ್ಫ್ಯೂಷಿಯಸ್ ಸತ್ತು ಸುಮಾರು ನಾಲ್ಕು ನೂರು ವರ್ಷ ಆದಮೇಲೆ. ಮಂತ್ರಿ ಪದವಿ, ಕುದುರೆ, ಯುದ್ಧ ಅಂತ ಹೋದರೆ ಬಜೆಟ್ ಮುಗಿಯುತ್ತದೆ, ಮನುಷ್ಯ ಸಿಗುವುದಿಲ್ಲ. ವೇ ರಾಜ್ಯದ ರಾಣಿ ನಾನ್‌ಜಿಯನ್ನು ಅವನು ಭೇಟಿಯಾದದ್ದನ್ನು ಪ್ರೇಮದ ಕಡೆಗೆ ಎಳೆಯಲೇಬೇಡಿ. ಮೂಲದಲ್ಲಿ ಇರುವುದು, ಶಿಷ್ಯ ಝಿಲು ಸಿಟ್ಟಾದದ್ದು, ಗುರು ‘ತಪ್ಪು ಮಾಡಿದ್ದರೆ ದೇವರು ನನ್ನನ್ನು ಕೈಬಿಡಲಿ’ ಅಂತ ಆಣೆ ಇಟ್ಟದ್ದು. ಅಷ್ಟೇ ಸಾಕು, ಅದೇ ಚೆನ್ನಾಗಿದೆ. ಅವನನ್ನು ಸದಾ ಶಾಂತವಾಗಿ ಮುಗುಳ್ನಗುವ ಮುದುಕನನ್ನಾಗಿಯೂ ಮಾಡಬೇಡಿ. ಹಗಲು ಮಲಗಿದ್ದಕ್ಕೆ ಇದೇ ಜಾಯ್ ಯೂವನ್ನು ‘ಕೊಳೆತ ಮರವನ್ನು ಕೆತ್ತಲಾಗದು’ ಅಂತ ಬೈದವನು ಅವನು.

1940ರಲ್ಲಿ ಶಾಂಘೈನಲ್ಲಿ ನಿರ್ದೇಶಕ ಫೇ ಮು ಅವನ ಬಗ್ಗೆ ಒಂದು ಚಿತ್ರ ಮಾಡಿದ್ದರು. ಕಳೆದೇ ಹೋಯಿತು ಅಂದುಕೊಂಡಿದ್ದ ಆ ಚಿತ್ರದ ಪ್ರತಿ 2001ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸಿಕ್ಕಿತು. ಸಿಕ್ಕರೆ ನೋಡಿ. ಅನಿಮೇಷನ್ನೋ ನಟರೋ ಅಂತ ಕೇಳಿದ್ದೀರಿ, ನಟರೇ. ಮಂಡಿಯೂರಿ ಕೂತವನ ನೋವು ಮುಖದಲ್ಲಿ ಕಾಣಬೇಕು.

ನಾನಾದರೆ ಈಗ ಮೂರೇ ದೃಶ್ಯ ಇಡುತ್ತೇನೆ. ಜಾಯ್ ಯೂ ವಾದ, ಯಾನ್ ಹ್ವೇ ಸಾವು, ಮತ್ತು ಗುಡಿಸಲು. ಗುರು ಕ್ರಿ.ಪೂ. 479ರಲ್ಲಿ ತೀರಿಕೊಂಡಾಗ ಶಿಷ್ಯರು ಮಕ್ಕಳ ಹಾಗೆ ಮೂರು ವರ್ಷ ದುಃಖ ಆಚರಿಸಿದರು. ಮುಗಿದಮೇಲೆ ಒಬ್ಬರಿಗೊಬ್ಬರು ಹೇಳಿ ಹೊರಟರು. ಝಿಗೊಂಗ್ ಒಬ್ಬ ಹೋಗಲಿಲ್ಲ. ಸಮಾಧಿಯ ಪಕ್ಕ ಗುಡಿಸಲು ಹಾಕಿಕೊಂಡು ಇನ್ನೂ ಮೂರು ವರ್ಷ ಇದ್ದ. ಶಾಂಡಾಂಗ್ ಪ್ರಾಂತ್ಯದ ಚೂಫುವಿನಲ್ಲಿ ಆ ಜಾಗ ಅಂತ ಈಗಲೂ ಒಂದು ಪುಟ್ಟ ಕಟ್ಟಡ ತೋರಿಸುತ್ತಾರೆ. ಆ ದೃಶ್ಯದಲ್ಲಿ ಮಾತೇ ಬೇಡ. ಒಬ್ಬ ಬೆಳಿಗ್ಗೆ ಎದ್ದು ಗುಡಿಸುತ್ತಾನೆ, ನೀರು ತರುತ್ತಾನೆ, ಕೂರುತ್ತಾನೆ.

ಜಾಯ್ ಯೂ ದೃಶ್ಯದ ಎರಡು ಪುಟ ಸ್ಕ್ರಿಪ್ಟ್ ನನ್ನ ಹತ್ತಿರ ಹಾಗೇ ಇದೆ, ಅಂಚಿನಲ್ಲಿ ಲಾವೊಶಿಯವರ ಪೆನ್ಸಿಲ್ ಗುರುತುಗಳ ಸಮೇತ. ಬೇಕಿದ್ದರೆ ಇಲ್ಲೇ ಕೆಳಗೆ ಹೇಳಿ, ಕನ್ನಡಕ್ಕೆ ಮಾಡಿ ಹಾಕುತ್ತೇನೆ. ಅದರಲ್ಲಿ ಎಲ್ಲಿ ಬೇಕಾದರೂ ಕತ್ತರಿ ಹಾಕಿ, ‘ಆಗುತ್ತದೆ’ ಅನ್ನುವ ಮುಂಚಿನ ಆ ತಡೆಯನ್ನು ಮಾತ್ರ ಮುಟ್ಟಬೇಡಿ.