ಪೋಸ್ಟರನ್ನು ಹಾಗೇ ಸ್ಕ್ರೀನಿಗೆ ಹಾಕಬೇಡಿ

ಲ್ಯಾಬ್ ಮುಚ್ಚಿ ಪ್ರಯೋಗ ಅರ್ಧಕ್ಕೇ ನಿಂತಿದೆ, ಸಮ್ಮೇಳನ ಆನ್‌ಲೈನ್ ಆಗಿದೆ, ಮೊದಲೇ ಮಾಡಿಟ್ಟ ಪೋಸ್ಟರನ್ನೇ ತೋರಿಸಲಾ ಅಂತ ಕೇಳಿದ್ದೀರಿ. ಬೇಡ. ಎ0 ಪೋಸ್ಟರ್ ಅಂದರೆ 841×1189 ಮಿ.ಮೀ. ಅದನ್ನು ಲ್ಯಾಪ್‌ಟಾಪ್ ಪರದೆಗೆ ಕುಗ್ಗಿಸಿದರೆ ಗ್ರಾಫಿನ ಅಂಕಿಗಳೆಲ್ಲ ಇರುವೆ ಸಾಲು. ಕೆಲವರಂತೂ ಫೋನಿನಲ್ಲೇ ನೋಡುತ್ತಿರುತ್ತಾರೆ. ಅದನ್ನೇ ಒಡೆದು 16:9 ಅಳತೆಯ ಐದಾರು ಸ್ಲೈಡ್ ಮಾಡಿ, ಒಂದಕ್ಕೆ ಒಂದೇ ಗ್ರಾಫ್. "ಇಲ್ಲಿ ನೋಡಿ" ಅಂದರೆ ಯಾರಿಗೂ ತಿಳಿಯಲ್ಲ, ನಿಮ್ಮ ಬೆರಳು ಅವರಿಗೆ ಕಾಣೋದಿಲ್ಲವಲ್ಲ. "ಕೆಂಪು ಗೆರೆ ಆರನೇ ಗಂಟೆಯ ನಂತರ ಏರಿದೆ" ಅಂತ ಬಾಯಲ್ಲೇ ಹೇಳಿ.

ಅರ್ಧ ದತ್ತಾಂಶಕ್ಕೆ ನಾಚಿಕೊಳ್ಳಬೇಡಿ. ಮೂರು ಸಲ ಆಗಬೇಕಿದ್ದ ಪ್ರಯೋಗ ಒಂದೇ ಸಲ ಆಗಿದ್ದರೆ ಮೊದಲೇ ಹೇಳಿಬಿಡಿ, ತೀರ್ಪುಗಾರರೇ ಕೆದಕಿ ತೆಗೆದರೆ ಕಷ್ಟ. ಒಂದೇ ಅಳತೆ ಇಟ್ಟುಕೊಂಡು ಎರರ್ ಬಾರ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅಂತ ತೋರಿಸುವ ಗೆರೆ) ಮಾತ್ರ ಎಳೆಯಬೇಡಿ, ಅದಕ್ಕೆ ಅರ್ಥವೇ ಇಲ್ಲ.

ಮತ್ತೆ, ಇಡೀ ಸ್ಕ್ರೀನ್ ಬದಲು ಸ್ಲೈಡಿನ ವಿಂಡೋ ಮಾತ್ರ ಶೇರ್ ಮಾಡಿ. 2020ರಲ್ಲಿ ನನ್ನ ಮುಖ್ಯ ಗ್ರಾಫಿನ ಮೇಲೆ ಅಮ್ಮನ "ಫೋನ್ ಯಾಕೆ ಎತ್ತಲ್ಲ?" ಮೆಸೇಜ್ ಬಂದು ಕೂತಿತ್ತು! ಸ್ಲೈಡುಗಳ ಪಿಡಿಎಫ್ ಒಂದನ್ನು ನಿಮ್ಮ ಗೈಡಿಗೆ ಮೊದಲೇ ಕಳಿಸಿಡಿ. ನೆಟ್ ಕೈಕೊಟ್ಟರೆ ಅವರು ಸ್ಲೈಡ್ ತೋರಿಸುತ್ತಾರೆ, ನೀವು ಫೋನಿನಲ್ಲಿ ಮಾತಾಡಬಹುದು.